ಮಮ್ಮಿ ಮಾಡಿದ್ದು

ಇನ್ನಂಜೆ
೧೪ ನವೆಂಬರ್ ೨೦೨೫

ಮುದ್ದು ಮೆಲಿಷಾ,

ನಾನೂ ನಿನ್ನ ಪಪ್ಪನೂ ಚೆನ್ನಾಗಿದ್ದೇವೆ. ಫೋನು ಬಿಟ್ಟು ಕಾಗದ ಯಾಕೆ ಎಂದು ನಗಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆ ಮಾಡುತ್ತೀ, ಪಕ್ಕದಲ್ಲಿ ನಿನ್ನ ಅತ್ತೆ ಎಸ್ತರ್ ಇರುತ್ತಾರೆ. ಇದು ಅವರು ಕೇಳುವ ಮಾತಲ್ಲ. ಹಾಗಾಗಿ ನಿನ್ನ ಮಣಿಪಾಲದ ಆಫೀಸಿಗೆ ಕಳಿಸುತ್ತಿದ್ದೇನೆ.

ಮದುವೆಗೆ ಮೊದಲು ನನ್ನನ್ನು ಕಂಪ್ಯೂಟರಿನ ಎದುರು ಕೂರಿಸಿ ಆ ಕಾರ್ಖಾನೆ ಕಟ್ಟುವ ಗೇಮ್ ಕಲಿಸಿದ್ದು ನೀನೇ. ಅದಿರು ಅಗೆದು, ಬೆಲ್ಟಿನ ಮೇಲೆ ಕುಲುಮೆಗೆ ಸಾಗಿಸಿ, ಕಬ್ಬಿಣದ ತಗಡು ಮಾಡುವುದು. ದಾರಿಯಲ್ಲಿ ಒಂದು ಕೊಳ ಬಂತು. ಮುಚ್ಚಿದರೆ ಬೆಲ್ಟು ನೇರ ಹೋಗುತ್ತಿತ್ತು. ನೀನು ಬಿಡಲಿಲ್ಲ. “ಬೇಡ ಮಮ್ಮಿ, ಚಂದ ಉಂಟು, ಇರಲಿ” ಅಂದೆ. ನಾನು ಕೊಳಕ್ಕೆ ಸುತ್ತು ಹಾಕಿಸಿ ಬೆಲ್ಟನ್ನು ಒಯ್ದೆ. ನೀನು ಕಾರ್ಕಳಕ್ಕೆ ಹೋದ ಮೇಲೂ ಭಾನುವಾರ ಮಧ್ಯಾಹ್ನ ನೀನು ಅಲ್ಲಿಂದ, ನಾನು ಇಲ್ಲಿಂದ ಅದೇ ಕಾರ್ಖಾನೆಯೊಳಗೆ ಸೇರುತ್ತಿದ್ದೆವು. ಅತ್ತೆಗೂ ಕಲಿಸಿದ್ದೀ ಎಂದು ಗೊತ್ತಿತ್ತು. ಕೂತು ನೋಡುತ್ತಾರೆ, ಅಷ್ಟೇ ಎಂದುಕೊಂಡಿದ್ದೆ.

ಕಳೆದ ಭಾನುವಾರ ತೆರೆದರೆ ಕೊಳ ಇಲ್ಲ. ನನ್ನ ಬೆಲ್ಟೂ ಇಲ್ಲ. ಮಣ್ಣು ತುಂಬಿದ ಜಾಗದಲ್ಲಿ ಎರಡು ಸಾಲು ಕುಲುಮೆ, ನಡುವೆ ಗೆರೆ ಎಳೆದ ಹಾಗೆ ಹೊಸ ಬೆಲ್ಟು. ಫೋನು ಮಾಡಿದರೆ ನೀನು, “ಹೇಗುಂಟು? ಮಮ್ಮಿ ಮಾಡಿದ್ದು. ಈಗ ತಗಡು ಎರಡು ಪಟ್ಟು ಬರ್ತದೆ” ಅಂದೆ. ಯಾವ ಮಮ್ಮಿ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆಯನ್ನು ಹಾಗೆ ಕರೆ ಎಂದು ನಿನಗೆ ಹೇಳಿಕೊಟ್ಟವಳು ನಾನೇ. ಆದರೂ ಅವತ್ತು ಊಟ ಸೇರಲಿಲ್ಲ. ಪಪ್ಪನ ಮೇಲೆ ಸುಮ್ಮನೆ ರೇಗಿದೆ.

ನಿನ್ನೆ ನೀನು ಆಫೀಸಿನಲ್ಲಿರುವಾಗ ಕಾರ್ಕಳಕ್ಕೆ ಬಂದಿದ್ದೆ. ಉಪ್ಪಿನಕಾಯಿ ಕೊಡಲು ಬಂದಿದ್ದರು ಎಂದು ಎಸ್ತರ್ ಹೇಳಿರಬಹುದು. ಅದು ನೆಪ. ಕೊಳ ಯಾಕೆ ಮುಚ್ಚಿದಿರಿ ಎಂದು ಕೇಳಲು ಬಂದದ್ದು. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಅವರು ನನ್ನನ್ನು ನೇರ ಕಂಪ್ಯೂಟರಿನ ಹತ್ತಿರ ಕರೆದುಕೊಂಡು ಹೋದರು. ಕನ್ನಡಕ ಹಣೆಗೇರಿಸಿ ಹೇಳಿದರು, “ನಾನು ಎಂತ ಮಾಡಿದ್ರೂ ಮೆಲಿಷಾ ಚಂದ ಉಂಟು ಅಂತಾಳೆ. ಆಮೇಲೆ, ಇನ್ನಂಜೆ ಮಮ್ಮಿಯಾದ್ರೆ ಹೀಗೆ ಮಾಡ್ತಿದ್ರು ಅಂತಾಳೆ. ಕೇಳಿ ಕೇಳಿ ಒಂದು ದಿನ ಕೋಪ ಬಂತು. ನಿಮ್ಮದನ್ನೆಲ್ಲ ಕಿತ್ತು ಹಾಕಿದೆ. ಬೇಸರ ಮಾಡ್ಬೇಡಿ.”

ಇಬ್ಬರೂ ಚಾ ಕುಡಿದೆವು. ಅವರು ಒಳ್ಳೆಯವರು, ಕಷ್ಟ ಅದೇ. ನೀನು ನನ್ನನ್ನು ಅಷ್ಟು ನೆನೆಯುತ್ತೀ ಎಂದು ಖುಷಿಯಾಯಿತು. ಅದರಿಂದ ಅವರಿಗೆ ನೋವಾಯಿತು ಎಂದೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನು ಅವರ ಎದುರು ನನ್ನ ಹೆಸರು ಎತ್ತಬೇಡ, ಮಗಾ. ಒಮ್ಮೊಮ್ಮೆ ಎತ್ತು.

ನಿನ್ನ ಮಮ್ಮಿ,
ಕಾನ್ಸೆಪ್ಟಾ

ತಾ.ಕ.: ಎಸ್ತರ್ ಅದಿರನ್ನೂ ಕುಲುಮೆ ಉರಿಸುವ ಕಲ್ಲಿದ್ದಲನ್ನೂ ಒಂದೇ ಬೆಲ್ಟಿನಲ್ಲಿ ಬಿಟ್ಟಿದ್ದಾರೆ. ಅದಿರು ತುಂಬಿ ನಿಂತರೆ ಕಲ್ಲಿದ್ದಲು ಮುಂದೆ ಹೋಗದೆ ಕುಲುಮೆಗಳೆಲ್ಲ ಆರುತ್ತವೆ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹೇಳಲಿಲ್ಲ. ನೀನೂ ಹೇಳಬೇಡ. ಆರಲಿ. ಆರಿದ ದಿನ ನನಗೆ ಫೋನು ಮಾಡು.