ಬುಟ್ಟಿಯ ಕೆಳಗಿನ ಬೂಬಿ

ಮಾವ, ಇವತ್ತಿನ ಸುದ್ದಿ ನಿಮಗೆ ಹೇಳಲೇಬೇಕು.

ಬೆಳಿಗ್ಗೆ ಕುಂದಾಪುರದ ಕೋಡಿ ಕಡಲತೀರದಲ್ಲಿ ಮೀನು ಒಣಗಿಸುವ ಪದ್ದಕ್ಕ ನನ್ನ ಕ್ಯಾಮರಾ ನೋಡಿ ಕರೆದರು: "ಹ್ವಾಯ್, ಈ ಹಕ್ಕಿ ಎಂತದ್ ಕಾಣಿ!" ಅವರು ಕವುಚಿಟ್ಟಿದ್ದ ಬುಟ್ಟಿ ಎತ್ತಿದರೆ ಹೆಬ್ಬಾತಿನಷ್ಟು ದೊಡ್ಡ ಬಿಳಿ ಹಕ್ಕಿ. ಹಳದಿ ಕೊಕ್ಕು, ಮಸಿ ಬಳಿದಂಥ ಮುಖ. ನೀವು ಪುಸ್ತಕದಲ್ಲಷ್ಟೇ ತೋರಿಸಿದ್ದ ಮಾಸ್ಕ್ಡ್ ಬೂಬಿ! ನಡುಗಡಲಿನ ಹಕ್ಕಿ, ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದಿದೆ. ಗಾಬರಿಯಲ್ಲಿ ಮೊದಲ ಮೂರು ಫೋಟೊ ಕೆಟ್ಟವು. ರೆಕ್ಕೆಯಂಚಿನ ಕಪ್ಪು ನೋಡಲು ಹೋದಾಗ ಕೈಗೆ ಕುಕ್ಕಿತು. ಇಂಜೆಕ್ಷನ್ ಆಗಿದೆ, ಅಮ್ಮನಿಗೆ ಹೇಳಬೇಡಿ. ಅರಣ್ಯ ಇಲಾಖೆಯವರು ಅದನ್ನು ಆರೈಕೆಗೆ ಒಯ್ದರು.

ಜೀಪು ಹೋದ ಮೇಲೆ ಪದ್ದಕ್ಕ ಮೆಲ್ಲಗೆ ಅಂದರು: "ನಿನ್ನೆ ಎರಡ್ ಇದ್ದಿತ್. ಒಂದ್ ಸತ್ತ್ ಹೋಯ್ತ್, ಹೊಯ್ಗೆಯೊಳ್ಗೆ ಹುಗ್ದೆ."

ಎರಡು, ಮಾವ! ಪದ್ದಕ್ಕ ಗುದ್ದಲಿ ತಂದಿದ್ದಾರೆ, ಅದೂ ಬೂಬಿಯೇ ಎಂದು ನೋಡಲು ಮರಳು ಅಗೆಯ ಹೊರಟೆವು.

ವಿನಯಾ