ವಾಪಸ್ ಕೊಟ್ಟ ಮತಪತ್ರ

ತಾವರಗೇರಾ
2 ಆಗಸ್ಟ್ 1985

ಹಿರಿಯರಾದ ಕೊಟ್ರಪ್ಪಣ್ಣನವರಿಗೆ ತಂಗಿ ಕಳಕಮ್ಮ ಮಾಡುವ ನಮಸ್ಕಾರ.

ಮಾರ್ಚಿನ ಚುನಾವಣೆಯಲ್ಲಿ ನಿಂತಿದ್ದ ಇಬ್ಬರೂ ಹಿಂದೆ ಗೆದ್ದವರೇ. ನಮ್ಮ ಓಣಿಯ ಬೋರಿಂಗ್ ಕೆಟ್ಟು ನೀರಿಲ್ಲದಾಗ ಇಬ್ಬರೂ ಬರಲಿಲ್ಲ. ಯಾರಿಗೂ ಮತ ಹಾಕುವುದಿಲ್ಲ ಎಂದು ನಿಮಗೊಬ್ಬರಿಗೇ ಹೇಳಿದ್ದೆ. "ಹಂಗಾದ್ರ ಚೀಟಿ ಇಸ್ಕೊಂಡು ಸಾಹೇಬ್ರಿಗೆ ವಾಪಸ್ ಕೊಡವ್ವ, ಅದಕ್ಕೂ ಕಾಯ್ದೆ ಐತಿ. ನಿಮ್ಮ ಬೂತಿಗೆ ಪಾರ್ಟಿಯವ್ರು ನನ್ನನ್ನ ಏಜೆಂಟ್ ಮಾಡ್ಯಾರ. ಆ ಕಡೆಯಾಂವ ಉಣ್ಣಾಕ ಹೋದಾಗ ಬಾ, ಯಾರಿಗೂ ಗೊತ್ತಾಗಂಗಿಲ್ಲ" ಎಂದಿರಿ.

ಹಾಗೆಯೇ ಬಂದು ಮತಪತ್ರ ಮರಳಿಸಿದೆ. ಅಧಿಕಾರಿ ಅದರ ಮೇಲೆ 'ರದ್ದು' ಎಂದು ಬರೆದು ಬೇರೆ ಲಕೋಟೆಯಲ್ಲಿ ಇಟ್ಟರು.

ಕಳೆದ ವಾರ ನನ್ನನ್ನು ಅಂಗನವಾಡಿ ಕೆಲಸದಿಂದ ತೆಗೆದರು. ಕಾರಣ ಕೇಳಲು ಗೆದ್ದವರ ಮನೆಗೆ ಹೋದೆ. ಅವರ ಕಡೆಯ ಅಮರಪ್ಪ, ಅಂದು ಬೂತಿನಲ್ಲಿ ನಿಮ್ಮ ಕೈಯಲ್ಲಿದ್ದ ಮತದಾರರ ಪಟ್ಟಿ ತೆರೆದು ನನ್ನ ಹೆಸರು ತೋರಿಸಿದ. ಮುಂದೆ 'ವಾಪಸ್' ಎಂದು ನಿಮ್ಮ ಅಕ್ಷರದಲ್ಲಿತ್ತು.

"ನಿಮ್ಮಣ್ಣ ಭಾಳ ನಿಯತ್ತಿನ ಮನಷ್ಯಾ ನೋಡವ್ವ, ಸ್ವಂತ ತಂಗೀನೂ ಬಿಟ್ಟಿಲ್ಲ" ಎಂದು ನಕ್ಕ.

ಕೆಲಸ ಮರಳಿ ಕೊಡಿರೆಂದು ಕುಷ್ಟಗಿಯ ತಾಲ್ಲೂಕು ಕಚೇರಿಗೆ ಅರ್ಜಿ ಬರೆದಿದ್ದೇನೆ. ಅದರಲ್ಲಿ ನಿಮ್ಮ ಹೆಸರು ಹಾಕಿಲ್ಲ.

ಈ ವರ್ಷ ಪಂಚಮಿಗೆ ನನ್ನನ್ನು ಕರೆದೊಯ್ಯಲು ಬರಬೇಡಿ. ಅವ್ವ ಉಂಡಿ ಕಟ್ಟಿಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಾಳೆ. ಕಳಕಿ ಯಾಕೆ ಬರಲಿಲ್ಲ ಎಂದು ಕೇಳಿದರೆ, ಇದ್ದದ್ದನ್ನು ನೀವೇ ಹೇಳಬೇಕು.

ನಿಮ್ಮ ತಂಗಿ,
ಕಳಕಮ್ಮ