ಒಳಗಿನ ಕೋಣೆಯ ಪಸೆ

ಭಾನುವಾರ, ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹೊರಟುಹೋದ ನನ್ನ ಮೂಗಮ್ಮನಿಗೆ, ಅಮ್ಮನ ಆಶೀರ್ವಾದ.

ಇತ್ತ ನಾವಿಬ್ಬರೂ ಕ್ಷೇಮ ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಕಾಣುವ ಗೀಚು ಅದೇ. ನಿಮ್ಮಪ್ಪನಿಗೆ ಗಂಟಲು ಕೆರೆತ, ಹವಾ ಬದಲಾದದ್ದಕ್ಕೆ ಹಾಗಾಗಿದೆ ಎಂದು ಹಿಂದಿನ ಪತ್ರಗಳಲ್ಲಿ ಬರೆದಿದ್ದೆನಲ್ಲ, ಅದು ಕೆರೆತವಲ್ಲ, ಗಡ್ಡೆ. ನಿನಗೆ ತಿಳಿಸಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಆಸ್ಪತ್ರೆಯಲ್ಲಿ ವಾರಗಟ್ಟಲೆ ಕರೆಂಟು ಕೊಟ್ಟರು, ಅದೇ ರೇಡಿಯೇಶನ್ನು. ಗಡ್ಡೆ ಕರಗಲಿಲ್ಲ, ಬಾಯಿಯ ಪಸೆ ಮಾತ್ರ ಪೂರಾ ಆರಿಹೋಯಿತು. ಈಗ ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ್ದಾರೆ. ಹಾಗೆಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಅವರು ಪಕ್ಕದ ಮಂಚದಲ್ಲೇ ಇರುತ್ತಾರೆ, ಬೇರೆಲ್ಲ ಹೋದರೂ ಕಿವಿ ಚುರುಕಾಗಿದೆ. ನಾನು ಹೇಳಬೇಕಾದ ಮಾತು ಅವರ ಕಿವಿಗೆ ಬೀಳಬಾರದು.

ಆ ಮನುಷ್ಯ ಜೀವಮಾನವಿಡೀ ಮಾತಾಡಿದ್ದು ಪಸೆಯ ವಿಷಯವೇ. ಕ್ಯೂಬಾದ ಸಿಗಾರ್‌ಗೆ ಎಲೆಯಷ್ಟೇ ಅದರೊಳಗಿನ ಪಸೆಯೂ ಮುಖ್ಯ ಎಂದು ಊಟದ ಮೇಜಿನಲ್ಲಿ ಎಷ್ಟು ಸಲ ಕೇಳಿದ್ದೇವೆ. ಒಣಗಿದರೆ ಸರಸರ ಉರಿದುಹೋಗುತ್ತದೆ, ನಾಲಿಗೆ ಚುರುಗುಟ್ಟುತ್ತದೆ, ಎಣ್ಣೆಯಂಶ ಹೋಗಿ ಹುಲ್ಲು ಸುಟ್ಟ ರುಚಿ. ನೆಂದರೆ ಕಿಡಿ ಹಿಡಿಯುವುದಿಲ್ಲ, ಹಿಡಿದರೂ ಒಂದೇ ಮಗ್ಗುಲು ಉರಿದು ಆರುತ್ತದೆ, ಹೊಗೆ ಹುಳಿ. ನೀನು ಬಾಯಿಪಾಠ ಒಪ್ಪಿಸುವ ಹಾಗೆ ಅವರ ಜೊತೆಗೇ ಹೇಳುತ್ತಿದ್ದೆ. ನಾನು ಸಾರು ಆರಿತು ಎಂದು ಗೊಣಗುತ್ತಿದ್ದೆ. ಈಗ ಅವರ ಬಾಯಲ್ಲಿ ಜೊಲ್ಲು ಊರುವುದಿಲ್ಲ. ಹಾಲು ಕೊಟ್ಟರೂ ಬೂದಿ ನೆಕ್ಕಿದ ಹಾಗಿದೆ ಎಂದು ಮುಖ ತಿರುಗಿಸುತ್ತಾರೆ. ಇದನ್ನು ನೋಡಲು ನನ್ನಿಂದ ಆಗುತ್ತಿಲ್ಲ, ಮಗಳೇ.

ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನ ನಮ್ಮ ಅಂಗಡಿಯಲ್ಲಿ ಸಿಗಾರ್ ಪೆಟ್ಟಿಗೆ ಇಡುವ ಒಳಗಿನ ಕೋಣೆ ನನ್ನ ಪಾಲಿಗೆ ಬಂತು. ಆ ದೇವದಾರು ಹಲಗೆಯ ಕೋಣೆಯನ್ನು ನಾನು ಸವತಿ ಎಂದೇ ಕರೆಯುತ್ತಿದ್ದುದು ನಿನಗೆ ನೆನಪಿರಬೇಕು. ಸವತಿಗೆ ನೀರು ಕುಡಿಸುವ ಗತಿ ನನಗೇ ಬಂತು ನೋಡು. ಹೊರಡುವಾಗ ಅವರು ಹೇಳಿದ್ದು ಒಂದೇ ಮಾತು, ಒಣಗಲು ಬಿಡಬೇಡ ಎಂದು. ಗೋಡೆಯಲ್ಲಿ ಗಡಿಯಾರದಂಥದ್ದು ಇದೆಯಲ್ಲ, ತೇವ ತೋರಿಸುವ ಮುಳ್ಳು, ಅದು ಎಪ್ಪತ್ತರ ಹತ್ತಿರ ಇರಬೇಕೆಂದು ನನಗೂ ಗೊತ್ತಿತ್ತು. ನೋಡಿದರೆ ಐವತ್ತರಲ್ಲಿ ಮಲಗಿತ್ತು. ಬೋಗುಣಿಗಳಲ್ಲಿ ನೀರಿಟ್ಟೆ, ಸ್ಪಂಜು ನೆನೆಸಿಟ್ಟೆ, ಒದ್ದೆ ಬಟ್ಟೆ ತೂಗುಹಾಕಿದೆ. ಮುಳ್ಳು ಅಲ್ಲಾಡಲಿಲ್ಲ. ಇನ್ನಷ್ಟು ನೀರಿಟ್ಟೆ. ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಡದೆ ಮೊದಲು ಅಲ್ಲಿಗೇ ಓಡುತ್ತಿದ್ದೆ. ಇಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ, ಅದನ್ನಾದರೂ ಉಳಿಸಿಕೊಡುತ್ತೇನೆ ಎಂಬ ಹಟ.

ಕೊನೆಗೆ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವರನ್ನು ಕರೆದೆ. ಅವರು ಬೆರಳಿನಿಂದ ಗಾಜು ತಟ್ಟಿ, ಇದು ಕೆಟ್ಟು ಯಾವ ಕಾಲವಾಯಿತಮ್ಮ, ಯಜಮಾನರು ಗಿರಾಕಿಗಳ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಇಟ್ಟುಕೊಂಡಿದ್ದರು ಎಂದರು. ನಿಮ್ಮಪ್ಪ ತೇವವನ್ನು ಕೆನ್ನೆಯಲ್ಲಿ ಅಳೆಯುತ್ತಿದ್ದರಂತೆ. ನಿನಗೂ ಅದು ಗೊತ್ತಿತ್ತು, ಅಲ್ಲವೇ? ಅಪ್ಪ ಮಗಳು ಕೂಡಿ ಜಗತ್ತಿನ ಗುಟ್ಟನ್ನೆಲ್ಲ ಹಂಚಿಕೊಂಡಿರಿ, ನನಗೆ ಇದೊಂದನ್ನು ಹೇಳಲಿಲ್ಲ. ಅತಿಯಾದರೆ ಅಮೃತವೂ ವಿಷ ಎಂಬುದನ್ನು ನಾನು ಆ ಕೋಣೆಯಲ್ಲಿ ನಿಂತು ಕಲಿತೆ.

ಮೇಲಿನ ಹಲಗೆಯಲ್ಲಿ ನಿನಗೆಂದು ತೆಗೆದಿಟ್ಟ ಪೆಟ್ಟಿಗೆ ಇತ್ತು. ನೀನು ಮನೆ ಬಿಟ್ಟ ವರ್ಷವೇ ಬಂದದ್ದು. ಎಷ್ಟು ಜನ ಕೇಳಿದರೂ ಅವರು ಮಾರಲಿಲ್ಲ. ಯಾರಿಗೆ ಎಂದರೆ, ಹಣ್ಣಾಗಲಿ ಬಿಡು ಎನ್ನುತ್ತಿದ್ದರು. ಮನೆಗೆ ಬಂದ ದಿನ, ಆ ಒಡಕು ದನಿಯಲ್ಲಿ, ನನ್ನ ಕೈ ಹಿಡಿದು ಹೇಳಿದರು: "ಅವಳು ಬಂದು ಒಂದು ಹಚ್ಚಿ, ರುಚಿ ಹೇಗಿದೆ ಅಂತ ನಂಗೆ ಹೇಳ್ಲಿ. ನನ್ನ ನಾಲಿಗೆ ಸತ್ತೋಯ್ತು. ಅವಳದ್ದು ಇದೆಯಲ್ಲ."

ಡಾಕ್ಟರು ಕೇಳಿಸಿಕೊಂಡಿದ್ದರೆ ನಮ್ಮಿಬ್ಬರಿಗೂ ಹುಚ್ಚು ಎನ್ನುತ್ತಿದ್ದರು. ನಾನು ಪೆಟ್ಟಿಗೆ ತಂದು, ಹಾಸಿಗೆಯಿಂದ ದೂರ ನಿಂತು ಮುಚ್ಚಳ ತೆರೆದೆ. ಎಲೆ ಊದಿ ಅಲ್ಲಲ್ಲಿ ಬಿರಿದಿತ್ತು, ಮೇಲೆ ಪುಡಿ ಕೂತಿತ್ತು. ಪುಡಿ ಇದೆಯಾ, ಯಾವ ಬಣ್ಣ ಎಂದು ಕೇಳಿದರು. ಬಿಳಿಯಾದರೆ ಎಲೆ ಹಣ್ಣಾಗಿ ತನ್ನ ಎಣ್ಣೆ ಬಿಟ್ಟಿದೆ ಎಂದೂ ಹಸಿರಾದರೆ ಬೂಷ್ಟು ಎಂದೂ ಅವರೇ ಹೇಳಿಕೊಟ್ಟದ್ದು. ಹಸಿರಾಗಿತ್ತು. ನಾನು ಬಿಳಿ ಎಂದೆ. ಆಸ್ಪತ್ರೆ ಸೇರಿದ ಮೇಲೆ ಆವತ್ತೇ ಅವರ ಮುಖದಲ್ಲಿ ನಗು ಕಂಡದ್ದು.

ಒಂದಾದರೂ ಉಳಿದೀತೇ ಎಂದು ತಳದಿಂದ ಒಂದನ್ನು ಆರಿಸಿ ಒರೆಸಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತು ಹಚ್ಚಿದೆ. ಹೌದು, ನಾನೇ. ಹೊಗೆಯ ವಾಸನೆಗೆ ಅವರ ಕೋಟನ್ನು ಹೊರಗೆ ತೂಗುಹಾಕಿಸುತ್ತಿದ್ದವಳು. ಕಡ್ಡಿ ಮೇಲೆ ಕಡ್ಡಿ ಗೀರಿದೆ. ಒಂದು ಮಗ್ಗುಲು ಕಪ್ಪಾಗಿ ಒಳಗೆ ಸರಿಯಿತು, ಇನ್ನೊಂದು ಮಗ್ಗುಲು ಹಸಿಯಾಗಿಯೇ ಉಳಿಯಿತು. ಎಳೆದರೆ ಬರುವುದಿಲ್ಲ, ಬಂದರೆ ನೆಂದ ಗೋಣಿಚೀಲದ ರುಚಿ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆಮೇಲೆ ಕೆಮ್ಮು ನಿಂತಿತು, ನೀರು ನಿಲ್ಲಲಿಲ್ಲ.

ಅದಕ್ಕೇ ಈ ಪತ್ರ. ನೀನು ಬರಬೇಕು. ಬಂದು, ಅವರ ಮುಂದೆ ಕೂತು, ಚೆನ್ನಾಗಿದೆ ಎಂದು ಒಂದು ಸುಳ್ಳು ಹೇಳಬೇಕು. ಯಾರ ಬಳಿ ಏನು ಕೇಳುತ್ತಿದ್ದೇನೆ ಎಂಬ ಅರಿವು ನನಗಿದೆ. ಹೋಟೆಲಿನ ಯಜಮಾನ ಸರಕೆಲ್ಲ ಕೊಳ್ಳಲು ಬಂದ ದಿನ, ಹಡಗಿನಲ್ಲಿ ತೇವ ಕುಡಿದು ಬಂದ ಪೆಟ್ಟಿಗೆಗಳನ್ನು ನಿಮ್ಮಪ್ಪ ಹದವಾಗಿವೆ ಎಂದು ಹೊಗಳುತ್ತಿದ್ದಾಗ, ನೀನು ಒಂದನ್ನು ಕಿವಿಯ ಹತ್ತಿರ ಹೊರಳಿಸಿ, ಇದು ನೆಂದಿದೆ ಎಂದುಬಿಟ್ಟೆ. ತಪ್ಪಾಯಿತು ಎನ್ನು ಎಂದು ಅವರು ಎಲ್ಲರೆದುರು ಗದರಿದರು. ನೀನು ಅನ್ನಲಿಲ್ಲ. ಒಂದು ಸುಳ್ಳು ಹೇಳಲಾರದೆ ಮನೆ ಬಿಟ್ಟವಳು ನೀನು. ಹುಟ್ಟುಗುಣ ಸುಟ್ಟರೂ ಹೋಗದು. ಈಗ ಯಾರದೋ ಕಂಪನಿಯಲ್ಲಿ ಚಹಾ ರುಚಿ ನೋಡಿ, ಇದ್ದದ್ದನ್ನು ಇದ್ದಹಾಗೆ ಹೇಳಿಯೇ ಸಂಬಳ ತೆಗೆದುಕೊಳ್ಳುತ್ತೀಯ. ಆದರೂ ಕೇಳುತ್ತಿದ್ದೇನೆ. ನನ್ನ ಮೇಲಿನ ಸಿಟ್ಟನ್ನು ಆಮೇಲೆ ತೀರಿಸಿಕೋ, ಅದಕ್ಕೆ ಬೇಕಾದಷ್ಟು ಸಮಯ ಇರುತ್ತದೆ. ಇದಕ್ಕೆ ಇಲ್ಲ.

ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ತಾ.ಕ. ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ನಿಮ್ಮಪ್ಪ ಎದ್ದವರೇ ನಿನ್ನ ಪೆಟ್ಟಿಗೆಯಿಂದ ಒಂದು ಕೊಡು ಎಂದರು, ಸುಮ್ಮನೆ ಕೈಯಲ್ಲಿ ಹಿಡಿದುಕೊಳ್ಳಲು. ಪುಡಿಯನ್ನೆಲ್ಲ ಒರೆಸಿ ಕೊಟ್ಟೆ. ಕಿವಿಯ ವಿಷಯ ನನಗೆ ಹೊಳೆಯಲೇ ಇಲ್ಲ. ಕಿವಿಯ ಹತ್ತಿರ ಒಯ್ದು ಹೊರಳಿಸಿದರು. ಹದವಾಗಿದ್ದರೆ ಎಲೆ ಸಣ್ಣಗೆ ಸದ್ದು ಮಾಡಬೇಕು. ಇನ್ನೊಮ್ಮೆ ಹೊರಳಿಸಿದರು. ಆಮೇಲೆ ಅದನ್ನು ದಿಂಬಿನ ಪಕ್ಕ ಇಟ್ಟು, ನಿನಗೆ ಬರೆದೆಯಾ ಎಂದು ಕೇಳಿದರು. ಬರೆದದ್ದನ್ನೆಲ್ಲ ಹೇಳಿದೆ. ಮುಚ್ಚಿಡಲು ಇನ್ನೇನು ಉಳಿದಿತ್ತು? "ಅವಳ ಕೈಲಿ ಸುಳ್ಳು ಹೇಳಿಸ್ಬೇಡ. ಒಂದ್ಸಲ ನಾನು ಹೇಳ್ಸಕ್ಕೆ ಹೋಗಿದ್ದು ಸಾಕು" ಎಂದರು. ಹಾಗಾದರೆ ಬರುವುದು ಬೇಡ ಎಂದು ಬರೆಯಲೇ ಎಂದೆ. ಅವರು ಬಾಗಿಲ ಕಡೆ ನೋಡಿದರು. ಆಗಿನಿಂದ ಮಾತಿಲ್ಲ, ಉಸಿರು ಬೇರೆ ಥರ ಆಗಿದೆ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಈ ಪತ್ರ ನಿನ್ನ ಕೈ ಸೇರುವವರೆಗೆ ಇರುತ್ತಾರೆಂದು ನನಗೆ ಅನ್ನಿಸುತ್ತಿಲ್ಲ. ಆದರೂ ಹಾಕುತ್ತಿದ್ದೇನೆ. ಒಳಗಿನ ಕೋಣೆಗೆ ನೀರಿಡುವುದನ್ನು ಬಿಟ್ಟಿದ್ದೇನೆ. ಹತ್ತಿ ಅದ್ದಿ ಅವರ ತುಟಿಗೆ ಮಾತ್ರ ಇಡುತ್ತಿದ್ದೇನೆ.